ಮೆಮೊರಿ ಇದೆ, ಡಿಸ್ಕ್ ಇದೆ, ಆದ್ರೂ ಸರ್ವರ್ 'ಆಗಲ್ಲ' ಅಂದಿದ್ದು ಯಾಕೆ?

ಇವತ್ತು ನಾನೇ ಪಾಠ ಕಲಿತ ಒಂದು ರಾತ್ರಿಯ ಕಥೆ.

ಕೆಲಸಕ್ಕೆ ಸೇರಿ ಮೂರೇ ತಿಂಗಳಾಗಿತ್ತು. ಮಧ್ಯರಾತ್ರಿ ಫೋನ್ ಬಂತು: ಸೈಟ್ ಓಪನ್ ಆಗ್ತಿಲ್ಲ. ಸೈಟ್ ಓಡುವ ಲಿನಕ್ಸ್ ಸರ್ವರ್‌ಗೆ, ಸೈಟ್‌ನದೇ ಯೂಸರ್ ಹೆಸರಲ್ಲಿ ನಾನು ಸಂಜೆಯೇ ಲಾಗಿನ್ ಆಗಿದ್ದೆ. 'ಎಲ್‌ಎಸ್' ಅಂತ ಟೈಪ್ ಮಾಡಿದೆ. ಬಂದ ಉತ್ತರ: 'ಫೋರ್ಕ್: ರಿಸೋರ್ಸ್ ಟೆಂಪರರಿಲಿ ಅನ್‌ಅವೇಲಬಲ್'. ಮೆಮೊರಿ ಗ್ರಾಫ್ ನೋಡಿದರೆ ಅರ್ಧ ಖಾಲಿ. ಡಿಸ್ಕ್‌ನಲ್ಲೂ ಜಾಗ ಇದೆ. ಹಾಗಾದ್ರೆ ಮುಗಿದಿದ್ದು ಏನು?

ಮುಗಿದಿದ್ದು ಲೆಕ್ಕ. ಒಬ್ಬ ಯೂಸರ್ ಹೆಸರಲ್ಲಿ ಒಮ್ಮೆಗೆ ಎಷ್ಟು ಪ್ರೊಸೆಸ್ ಓಡಬಹುದು ಅನ್ನೋದಕ್ಕೆ ಯುನಿಕ್ಸ್ ಮಾದರಿಯ ಸಿಸ್ಟಂಗಳಲ್ಲಿ ಮಿತಿ ಇರುತ್ತೆ. ಒಂದು ಪ್ರೋಗ್ರಾಂ ಮಿತಿಮೀರಿ ಮರಿ ಹಾಕುತ್ತಾ ಇಡೀ ಯಂತ್ರವನ್ನು ಮಲಗಿಸಬಾರದಲ್ಲ, ಅದಕ್ಕೇ ಈ ಬೇಲಿ. 'ಯುಲಿಮಿಟ್ ಹೈಫನ್ ಯು' ಕೊಟ್ಟೆ. ಕಂಡಿದ್ದು 4096.

ಗಾಬರಿಯಲ್ಲಿ ವಿಂಡೋ ಮುಚ್ಚಿ ಮತ್ತೆ ಲಾಗಿನ್ ಆಗೋಣ ಅಂತಿದ್ದೆ. ಮುಚ್ಚಿದ್ದರೆ ಕೆಟ್ಟೆ! ಹೊಸ ಲಾಗಿನ್‌ಗೂ ಹೊಸ ಪ್ರೊಸೆಸ್ ಬೇಕು. ಆದರೆ 'ಎಕೋ', 'ಕಿಲ್', 'ಯುಲಿಮಿಟ್' ಶೆಲ್‌ನ ಒಳಗೇ ಇರೋ ಕಮಾಂಡ್‌ಗಳು, ಅವು ನಡೆಯುತ್ತವೆ.

ಸೀನಿಯರ್ ಒಬ್ಬರಿಗೆ ಫೋನ್ ಮಾಡಿದೆ. ಅವರು ರೂಟ್ ಆಗಿ ಒಳಗೆ ಬಂದರು. ರೂಟ್‌ಗೆ ಈ ಮಿತಿ ಅಡ್ಡ ಬರಲ್ಲ. 'ಪಿಎಸ್' ಕೊಟ್ಟು ಎಣಿಸಿದರೆ 200 ಪ್ರೊಸೆಸ್ ಕೂಡ ಇಲ್ಲ! 'ಥ್ರೆಡ್ ಎಣಿಸಿದ್ಯಾ?' ಅಂದರು. ಲಿನಕ್ಸ್‌ನಲ್ಲಿ ಒಂದೊಂದು ಥ್ರೆಡ್ ಕೂಡ ಈ ಲೆಕ್ಕಕ್ಕೆ ಸೇರುತ್ತೆ. 'ಪಿಎಸ್'ಗೆ ದೊಡ್ಡಕ್ಷರದ 'ಎಲ್' ಸೇರಿಸಿದರೆ ಅವು ಕಾಣುತ್ತವೆ. ಒಂದೇ ಜಾವಾ ಪ್ರೋಗ್ರಾಂ 3,900 ಥ್ರೆಡ್ ಹಿಡಿದು ಕೂತಿತ್ತು.

ಅದನ್ನು ರೀಸ್ಟಾರ್ಟ್ ಮಾಡಿದ್ವಿ, ಸೈಟ್ ಬಂತು. ಆದರೆ ಸಂಖ್ಯೆ ಮತ್ತೆ ಏರತೊಡಗಿತು. 'ಲಿಮಿಟ್ಸ್ ಡಾಟ್ ಕಾನ್ಫ್ ಫೈಲ್‌ನಲ್ಲಿ ಮಿತಿ ಹೆಚ್ಚಿಸಲಾ?' ಅಂದೆ. ಅವರು ನಕ್ಕರು. ಆ ಬದಲಾವಣೆ ಹೊಸದಾಗಿ ಲಾಗಿನ್ ಆದವರಿಗೆ ಮಾತ್ರ. ಸಿಸ್ಟಂಡಿ ಶುರು ಮಾಡುವ ಸರ್ವಿಸ್‌ಗಳು ಆ ಫೈಲ್ ನೋಡೋದೇ ಇಲ್ಲ, ಅವುಗಳ ಯೂನಿಟ್ ಫೈಲ್‌ನಲ್ಲೇ 'ಲಿಮಿಟ್‌ಎನ್‌ಪ್ರಾಕ್', 'ಟಾಸ್ಕ್ಸ್‌ಮ್ಯಾಕ್ಸ್' ಬರೆಯಬೇಕು. ಓಡ್ತಿರೋ ಪ್ರೊಸೆಸ್‌ಗೆ ನಿಜವಾಗಿ ಯಾವ ಮಿತಿ ಇದೆ ಅಂತ 'ಪ್ರಾಕ್' ಫೋಲ್ಡರ್‌ನಲ್ಲಿ, ಅದರ ನಂಬರ್‌ನೊಳಗಿನ 'ಲಿಮಿಟ್ಸ್' ಫೈಲ್ ಹೇಳುತ್ತೆ.

'ತೊಟ್ಟಿ ದೊಡ್ಡದು ಮಾಡೋಕೆ ಮುಂಚೆ ನಲ್ಲಿ ಯಾಕೆ ನಿಲ್ತಿಲ್ಲ ನೋಡು' ಅಂದರು. ನೋಡಿದ್ವಿ. ಪ್ರತಿ ರಿಕ್ವೆಸ್ಟ್‌ಗೂ ಒಂದು ಹೊಸ ಥ್ರೆಡ್. ಅದು ಇನ್ನೊಂದು ಸರ್ವರ್‌ನ ಉತ್ತರಕ್ಕೆ ಕಾಯ್ತಾ ಇತ್ತು, ಟೈಮ್‌ಔಟ್ ಇರಲೇ ಇಲ್ಲ. ಆ ಕೋಡ್ ಬರೆದಿದ್ದು? ನಾನೇ. ಟೈಮ್‌ಔಟ್ ಹಾಕಿದ್ವಿ, ಏರಿಕೆ ನಿಂತಿತು. ಮಿತಿ ಇವತ್ತಿಗೂ 4096 ಇದೆ.

ಇದು ಸರ್ವರ್ ಕಥೆ ಮಾತ್ರ ಅಲ್ಲ. ನಿಮ್ಮ ಆಂಡ್ರಾಯ್ಡ್ ಫೋನ್ ಒಳಗಿರೋದೂ ಲಿನಕ್ಸ್ ಕರ್ನಲ್. ಆ್ಯಪ್‌ಗಳು ಹುಟ್ಟಿಸೋ ಮರಿ ಪ್ರೊಸೆಸ್‌ಗಳಿಗೆ ಆಂಡ್ರಾಯ್ಡ್ 12ರಲ್ಲಿ ಮಿತಿ ಬಂತು, ಇಡೀ ಫೋನಿಗೆ ಸಾಮಾನ್ಯವಾಗಿ 32. ಟರ್ಮಕ್ಸ್‌ನಲ್ಲಿ 'ಸಿಗ್ನಲ್ 9' ಅಂತ ಕೆಲಸ ನಿಂತಿದ್ದರೆ ಈ ಬೇಲಿಗೆ ತಾಗಿರಬಹುದು.

ಮಿತಿ ತಾಗಿದಾಗ ಮೊದಲು ಬೈಯೋದು ಮಿತಿಯನ್ನ. ಎಣಿಸಿ ನೋಡಿ, ಅದು ನಿಮಗೇನೋ ಹೇಳ್ತಿರುತ್ತೆ. ಮುಂದಿನ ಕಂತಿನಲ್ಲಿ ಸಿಗೋಣ.