ಮೇಷ್ಟ್ರ ಕೈಯ ಕ್ಯಾಮೆರಾ

ಒಂದೇ ವಿಷಯದ ಮೇಲೆ ತೆಗೆದ ಹಲವು ಫೋಟೊಗಳನ್ನು ಕ್ರಮವಾಗಿ ಜೋಡಿಸಿ, ಒಂದೊಂದರ ಕೆಳಗೂ ಎರಡು ಮೂರು ಸಾಲು ಬರೆದು ಕಥೆ ಹೇಳುವುದಕ್ಕೆ ಫೋಟೊ ಕಥನ ಎನ್ನಬಹುದು. ಮದುವೆಯ ಆಲ್ಬಮ್ ಕೂಡ ಹೀಗೇ ಜೋಡಣೆಯಾಗುತ್ತದೆ. ಆದರೆ ಅದನ್ನು ತಿರುವಿಹಾಕುವವರಿಗೆ ಕಥೆ ಮೊದಲೇ ಗೊತ್ತಿರುತ್ತದೆ. ಕಥನವನ್ನು ನೋಡುವವರಿಗೆ ಆ ಊರೂ ಗೊತ್ತಿಲ್ಲ, ಆ ಮುಖವೂ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ತಿಳಿಯುವಂತೆ ಹೇಳುವುದನ್ನೇ ಜೀವಮಾನದ ಕಸುಬು ಮಾಡಿಕೊಂಡಿದ್ದ ಶಾಲಾ ಶಿಕ್ಷಕರು, 60ಕ್ಕೆ ನಿವೃತ್ತರಾದ ಮೇಲೆ ಕ್ಯಾಮೆರಾ ಹಿಡಿದು ಈ ದಾರಿಗೆ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈ ಪ್ರಕಾರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು ಮೇಷ್ಟ್ರೇ. ಲೂಯಿಸ್ ಹೈನ್ (1874–1940) ನ್ಯೂಯಾರ್ಕಿನ ಎಥಿಕಲ್ ಕಲ್ಚರ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕ್ಯಾಮೆರಾ ಅವರ ಕೈಗೆ ಬಂದದ್ದು ಪಾಠೋಪಕರಣವಾಗಿ. ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿಯುತ್ತಿದ್ದ ವಲಸಿಗರನ್ನು 1904ರಿಂದ ಚಿತ್ರಿಸತೊಡಗಿದರು. 1908ರಲ್ಲಿ ಶಾಲೆ ಬಿಟ್ಟು ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗೆ ಸೇರಿದರು. ಹತ್ತಿಯ ಗಿರಣಿ, ಕಲ್ಲಿದ್ದಲ ಗಣಿ, ಮೀನು ಡಬ್ಬಿಯ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಮಕ್ಕಳೇ ಅವರ ವಸ್ತು. ಮಾಲೀಕರು ಒಳಗೆ ಬಿಡದಿದ್ದಾಗ ಬೈಬಲ್ ಮಾರುವವನ ವೇಷದಲ್ಲಿ ಹೋಗುತ್ತಿದ್ದರು. ತಮ್ಮ ಕೋಟಿನ ಗುಂಡಿಗಳು ನೆಲದಿಂದ ಎಷ್ಟೆತ್ತರದಲ್ಲಿವೆ ಎಂದು ಅಳೆದಿಟ್ಟುಕೊಂಡು, ಪಕ್ಕ ನಿಂತ ಮಗುವಿನ ಎತ್ತರವನ್ನು ಅಂದಾಜು ಮಾಡುತ್ತಿದ್ದರು. ಚಿತ್ರದೊಂದಿಗೆ ಮಗುವಿನ ಹೆಸರು, ವಯಸ್ಸು, ದುಡಿಯುವ ಗಂಟೆಗಳ ಟಿಪ್ಪಣಿಯೂ ಇರುತ್ತಿತ್ತು. ಬಾಲಕಾರ್ಮಿಕರ ಪರವಾದ ಕಾನೂನಿನ ಹೋರಾಟಕ್ಕೆ ಅವರ ಕೆಲಸ ಬಲ ತುಂಬಿದ್ದು ಚಿತ್ರಗಳು ಕರುಣಾಜನಕವಾಗಿದ್ದವು ಎಂಬುದರಿಂದ ಮಾತ್ರವಲ್ಲ. ಆ ಟಿಪ್ಪಣಿಗಳನ್ನು ಸುಳ್ಳೆನ್ನುವುದು ಯಾರಿಗೂ ಸುಲಭವಿರಲಿಲ್ಲ.

ಪತ್ರಿಕೆಗಳು ಫೋಟೊ ಕಥನವನ್ನು ದೊಡ್ಡದಾಗಿ ಬೆಳೆಸಿದ್ದು ಆನಂತರ. 'ಲೈಫ್' ಪತ್ರಿಕೆಗಾಗಿ ಯೂಜಿನ್ ಸ್ಮಿತ್ 1948ರಲ್ಲಿ ಕೊಲೊರಾಡೊದ ಹಳ್ಳಿಗಾಡಿನ ವೈದ್ಯರೊಬ್ಬರ ಬೆನ್ನಿಗೆ ವಾರಗಟ್ಟಲೆ ಬಿದ್ದು ತಂದ ಚಿತ್ರಮಾಲೆ ಇಂದಿಗೂ ಮಾದರಿ. ಕರ್ನಾಟಕದಲ್ಲಿ ಈ ದಾರಿಯ ಹಿರಿಯ ಹೆಸರು ಮೈಸೂರಿನ ಟಿ.ಎಸ್. ಸತ್ಯನ್ (1923–2009). ಮಕ್ಕಳು, ಬೀದಿ, ಸಂತೆ, ಸಾಮಾನ್ಯರ ದಿನಚರಿ ಅವರ ವಸ್ತು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದ ಅವರಿಗೆ 1977ರಲ್ಲಿ ಪದ್ಮಶ್ರೀ ಬಂತು. ಹೊನ್ನಾವರದ ಕೃಷ್ಣಾನಂದ ಕಾಮತ್ (1934–2002) ವೃತ್ತಿಯಿಂದ ವಿಜ್ಞಾನಿ. ಹೋದಲ್ಲೆಲ್ಲ ಚಿತ್ರ ತೆಗೆದು, ಅದರ ಜೊತೆಗೆ ಅಚ್ಚ ಕನ್ನಡದಲ್ಲಿ ಬರೆದರು. ಇಬ್ಬರೂ ಊರೂರು ತಿರುಗಿದವರು. ನಿವೃತ್ತ ಶಿಕ್ಷಕರ ಅನುಕೂಲ ಇದಕ್ಕೆ ತದ್ವಿರುದ್ಧ: ಅವರು ತಿರುಗಬೇಕಾಗಿಲ್ಲ.

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಂಥ ಊರನ್ನೇ ತೆಗೆದುಕೊಳ್ಳಬಹುದು. ಗುರುಗುಂಡ ಬ್ರಹ್ಮೇಶ್ವರ ಸ್ವಾಮಿ ಮಠದಿಂದ ಹೆಸರಾದ ಊರಿದು. ಹೊರಗಿನ ಛಾಯಾಗ್ರಾಹಕ ಬಂದರೆ ಮಠದ ಜಾತ್ರೆಯ ಜನಜಂಗುಳಿಯನ್ನು ತೆಗೆದುಕೊಂಡು ಸಂಜೆಯ ಬಸ್ಸಿಗೆ ಹೊರಡುತ್ತಾನೆ. ಸುತ್ತಲ ಹಳ್ಳಿಗಳಲ್ಲಿ ಮೂವತ್ತು ವರ್ಷ ಪಾಠ ಹೇಳಿದವರಿಗೆ ಆ ಜಂಗುಳಿಯಲ್ಲಿ ಯಾರು ಯಾರ ಮಗ, ಯಾರು ಕಡಲೆಕಾಯಿ ಕೈಕೊಟ್ಟ ವರ್ಷ ಬೆಂಗಳೂರಿಗೆ ಹೋದವನು, ಯಾರು ಏಳನೇ ತರಗತಿಗೇ ಶಾಲೆ ಬಿಟ್ಟವಳು ಎಂಬುದೆಲ್ಲ ಗೊತ್ತು. ದಿನವೂ ಹಾಜರಿ ಕರೆದ ಬಾಯಿಗೆ ಹೆಸರುಗಳು ಮರೆಯುವುದಿಲ್ಲ. ಬೆಲೆಬಾಳುವ ಲೆನ್ಸ್ ತರಲಾರದ ಬಂಡವಾಳವಿದು.

ಈ ಸೀಮೆಯಲ್ಲಿ ಕಥೆಗಳಿಗೆ ಬರವಿಲ್ಲ, ಮಳೆಗೆ ಮಾತ್ರ ಬರ. ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಜಯಮಂಗಲಿ ಸಂರಕ್ಷಿತ ಪ್ರದೇಶ ಅದು. ಪಾವಗಡದ ತಿರುಮಣಿ, ವಳ್ಳೂರು ಮುಂತಾದ ಐದು ಊರುಗಳ ಸುಮಾರು 13,000 ಎಕರೆ ಜಮೀನು ಗುತ್ತಿಗೆಯ ಮೇಲೆ ಸೌರ ವಿದ್ಯುತ್ ಪಾರ್ಕಿಗೆ ಹೋಯಿತು. ಉಳುವವನು ಬಾಡಿಗೆ ಪಡೆಯುವವನಾದ ಬದಲಾವಣೆ ಆಕಾಶದಿಂದ ತೆಗೆದ ನೀಲಿ ಫಲಕಗಳ ಚಿತ್ರದಲ್ಲಿ ಕಾಣುವುದಿಲ್ಲ. ಮೂಲೆ ಸೇರಿದ ನೇಗಿಲು, ಮಾರಿದ ದನದ ಕೊಟ್ಟಿಗೆ, ಕಟ್ಟೆಯ ಮೇಲೆ ಹಗಲು ಕಳೆಯುವ ಕೂಲಿಯವರ ಮುಖ ಸೇರಿದರೆ ಕಾಣುತ್ತದೆ.

ಕಾಡುಗೊಲ್ಲರ ಹಟ್ಟಿಗಳದು ಇನ್ನೂ ದೊಡ್ಡ ಕಥೆ. ಅವರ ಸಾಂಸ್ಕೃತಿಕ ವೀರ ಜುಂಜಪ್ಪ. ಜುಂಜಪ್ಪನ ಗುಡ್ಡೆ ಇರುವುದು ಶಿರಾ ತಾಲ್ಲೂಕಿನಲ್ಲೇ. ಅವನ ಕಾವ್ಯವನ್ನು ಉದ್ದನೆಯ ಬಿದಿರಿನ ಗಣೆ ನುಡಿಸುತ್ತ ಹಾಡುತ್ತಾರೆ. ಗಣೆಯ ದನಿಯನ್ನು ಫೋಟೊ ಹಿಡಿಯಲಾರದು. ಆದರೆ ಬಿದಿರು ಆಯುವ ಕೈ, ರಂಧ್ರದ ಮೇಲಿನ ಬೆರಳು, ಉಸಿರು ತುಂಬಿದ ಕೆನ್ನೆ, ಎದುರು ಕೂತು ತೂಕಡಿಸುವ ಮಕ್ಕಳು, ಕೇಳುತ್ತ ತಲೆದೂಗುವ ಮುದುಕರು ಇವಿಷ್ಟನ್ನು ಹಿಡಿದು, ಹಾಡುವವರು ಯಾರಿಂದ ಕಲಿತರು ಎಂದು ಬರೆದಿಟ್ಟರೆ ಒಂದು ಪರಂಪರೆಯ ದಾಖಲೆಯಾಗುತ್ತದೆ. ಬಾಣಂತಿಯರನ್ನೂ ಮುಟ್ಟಾದವರನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ಪದ್ಧತಿಯೂ ಇದೇ ಹಟ್ಟಿಗಳ ವಾಸ್ತವ. ಇಂಥ ಕಡೆ ಮೇಷ್ಟ್ರಿಗಿಂತ ಟೀಚರಮ್ಮನಿಗೆ ದಾರಿ ಸಲೀಸು. ಆ ಗುಡಿಸಲಿನ ಚಿತ್ರ ತೆಗೆಯಬೇಕೆ, ತೆಗೆದರೆ ಮುಖ ತೋರಿಸಬೇಕೆ ಎಂಬುದನ್ನು ಒಳಗಿರುವ ಹೆಣ್ಣುಮಗಳೇ ತೀರ್ಮಾನಿಸಬೇಕು. ಹಳೆಯ ಗುರುಗಳು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಹಾಗಾಗಿಯೇ ಅವರು ಎರಡು ಸಲ ಕೇಳುವುದು ಒಳ್ಳೆಯದು.

ತಂತ್ರದ ಮಟ್ಟಿಗೆ ಹೇಳುವುದು ಕಡಿಮೆ. ಈಗಿನ ಮೊಬೈಲ್ ಫೋನು ಸಾಕು. ಊರನ್ನು ತೋರಿಸುವ ಅಗಲವಾದ ಚಿತ್ರ, ಕೆಲಸ ಮಾಡುತ್ತಿರುವ ಮನುಷ್ಯ, ಅವನ ಮುಖ, ಅವನ ಕೈ ಅಥವಾ ಉಪಕರಣದ ಹತ್ತಿರದ ನೋಟ, ಅವನು ಇನ್ನೊಬ್ಬರೊಡನೆ ಇರುವ ಗಳಿಗೆ, ಇವು ಸಿಕ್ಕರೆ ಕಥೆಗೆ ಕೈಕಾಲು ಬಂದಂತೆ. ಬೆಳಗಿನ, ಸಂಜೆಯ ಓರೆ ಬೆಳಕು ಮುಖದ ಗೆರೆಗಳನ್ನು ಎತ್ತಿ ತೋರಿಸುತ್ತದೆ. ಈ ಬಯಲುಸೀಮೆಯ ನಡುಹಗಲಿನ ಬಿಸಿಲಿನಲ್ಲಿ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ. ಕಷ್ಟವಿರುವುದು ಆಯ್ಕೆಯಲ್ಲಿ. ಇನ್ನೂರು ಚಿತ್ರಗಳಿಂದ ಹನ್ನೆರಡನ್ನು ಉಳಿಸಿಕೊಳ್ಳುವಾಗ, ಚೆಂದವಿದ್ದರೂ ಕಥೆಯನ್ನು ಮುಂದೆ ಒಯ್ಯದ ಚಿತ್ರವನ್ನು ಬಿಡಬೇಕು. ಸ್ಪರ್ಧೆಗಳ ರುಚಿ ಹತ್ತಿದವರಿಗೆ ಇದು ಸಂಕಟದ ಕೆಲಸ. ನಮ್ಮ ಛಾಯಾಚಿತ್ರ ಸಂಘಗಳು ಒಳ್ಳೆಯ ತಂತ್ರಜ್ಞರನ್ನು ಬೆಳೆಸಿವೆ, ಆದರೆ ಸ್ಪರ್ಧೆಯ ಬಹುಮಾನ ಹೆಚ್ಚಾಗಿ ಸಿಗುವುದು ಒಂಟಿ ಚೆಲುವಿಗೆ. ಧೂಳೆಬ್ಬಿಸುತ್ತ ಮರಳುವ ಕುರಿಮಂದೆಯ ಹೊಂಬಣ್ಣದ ಚಿತ್ರಕ್ಕೆ ಪದಕ ಸಿಕ್ಕೀತು. ಕುರುಬನ ಹೆಸರು ಮಾತ್ರ ಫಲಿತಾಂಶದ ಪಟ್ಟಿಯಲ್ಲಿರುವುದಿಲ್ಲ.

ಗೂಡಿನ ಹಕ್ಕಿಗಳ ವಿಷಯದಲ್ಲೂ ಸಂಯಮ ಬೇಕು. ಹತ್ತಿರ ಹೋದಷ್ಟೂ ತಾಯಿ ಹಕ್ಕಿ ಎದ್ದು ಹೋಗುತ್ತದೆ, ಮರಿ ಬಿಸಿಲಿಗೆ ಸಿಗುತ್ತದೆ. ಕಗ್ಗಲಡುವಿನ ಕಥೆಯ ಸತ್ವ ಹೇಗೂ ಗೂಡಿನೊಳಗಿಲ್ಲ. ಮರದಡಿ ಹಿಕ್ಕೆಯ ನಾತ ಸಹಿಸಿಕೊಂಡು ಹಕ್ಕಿಗಳನ್ನು ಓಡಿಸದ ಊರವರಲ್ಲಿದೆ.

ಹೊಸ ಚಿತ್ರ ತೆಗೆಯುವಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ. ಶಾಲೆಯ ಕಪಾಟಿನಲ್ಲಿ, ಮನೆಗಳ ಟ್ರಂಕಿನಲ್ಲಿ ಹಳೆಯ ಗ್ರೂಪ್ ಫೋಟೊಗಳು ಕೊಳೆಯುತ್ತಿವೆ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವರು, ಕುರ್ಚಿಯಲ್ಲಿ ಮೇಷ್ಟ್ರುಗಳು, ಹಿಂದೆ ಬೆಂಚಿನ ಮೇಲೆ ನಿಂತವರು, ಶಾಲೆಯ ಹೆಸರೂ ಇಸವಿಯೂ ಬರೆದ ಸ್ಲೇಟು. ಎಡದಿಂದ ಬಲಕ್ಕೆ ಯಾರು ಯಾರೆಂದು ಹೇಳಬಲ್ಲವರು ಊರಿಗೆ ಒಬ್ಬಿಬ್ಬರು ಉಳಿದಿರುತ್ತಾರೆ, ಬಹಳ ಸಲ ಅವರೇ ಈ ನಿವೃತ್ತರು. ಅಂಥ ಚಿತ್ರವನ್ನು ಸ್ಕ್ಯಾನ್ ಮಾಡಿ ಹೆಸರು ತುಂಬಿಸಿ, ಬದುಕಿರುವವರನ್ನು ಅದೇ ಶಾಲೆಯ ಮುಂದೆ ಕರೆದು ಮತ್ತೊಂದು ಚಿತ್ರ ತೆಗೆದರೆ, ಒಂದು ತಲೆಮಾರಿನ ವಲಸೆ, ಓದು, ಸಾವು ಎಲ್ಲವೂ ಎರಡು ಫೋಟೊಗಳ ನಡುವೆ ಬಂದು ನಿಲ್ಲುತ್ತವೆ.

ಉಳಿಸಿಡುವ ವಿಧಾನ ಸರಳ. ಕಡತಕ್ಕೆ ಊರು, ದಿನಾಂಕ, ಹೆಸರು ಸೇರಿಸಿ ಹೆಸರಿಡಬೇಕು. ಫೋನಿನಲ್ಲಿ ಮಾತ್ರ ಉಳಿದ ಚಿತ್ರ ಫೋನಿನ ಜೊತೆಯೇ ಹೋಗುತ್ತದೆ. ಆದ್ದರಿಂದ ಮೂರು ಪ್ರತಿಗಳಿದ್ದು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಬೇರೆ ಮನೆಯಲ್ಲಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ಮುಖ್ಯವಾದವನ್ನು ಕಾಗದದ ಮೇಲೆ ಮುದ್ರಿಸಿ, ಶೀರ್ಷಿಕೆ ಸಹಿತ ಒಂದು ಪ್ರತಿಯನ್ನು ಊರ ಶಾಲೆಗೆ, ಇನ್ನೊಂದನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಮತ್ತೊಂದನ್ನು ಚಿತ್ರದಲ್ಲಿರುವವರ ಮನೆಗೆ ಕೊಡುವುದು ರೂಢಿಯಾಗಬೇಕು.