ಹಿರಿಯರ ಮೂತ್ರದ ತೊಂದರೆ: ಮುಚ್ಚಿಡಬೇಡಿ, ತೋರಿಸಿಕೊಳ್ಳಿ



ತೊಗರಿಯ ಬೀಜೋಪಚಾರ, ಬಾಳೆಯ ಕಂದು, ತಿಪ್ಪೆಗುಂಡಿ, ಇವು ನಾನು ಈ ಪತ್ರಿಕೆಯಲ್ಲಿ ಯಾವಾಗಲೂ ಬರೆಯುವ ವಿಷಯಗಳು. ನಾನು ಕಲಿತದ್ದು ಒಕ್ಕಲುತನದ ಡಿಪ್ಲೊಮಾ; ನಾನು ವೈದ್ಯನಲ್ಲ. ಆದರೂ ಈ ಸಲ ಮನೆಯ ಹಿರಿಯರ ಆರೋಗ್ಯದ ಮಾತೊಂದನ್ನು ಬರೆಯುತ್ತಿದ್ದೇನೆ. ಈ ಮಾತನ್ನು ಕಟ್ಟೆಯ ಮೇಲೆ ಯಾರೂ ಆಡುವುದಿಲ್ಲ. ಆಡದೆ ಇರುವುದರಿಂದಲೇ ಹಾನಿಯಾಗುತ್ತಿದೆ.

ಕಳೆದ ವರ್ಷ ಕಮಲಾಪುರದ ಹತ್ತಿರದ ಒಂದು ಹಳ್ಳಿಗೆ ಕೆಂಪು ಬಾಳೆಯ ತೋಟ ನೋಡಲು ಹೋಗಿದ್ದೆ. ತೋಟದ ಮುತ್ಯಾ ಎಪ್ಪತ್ತರ ಸಮೀಪದವರು. ಮಾತಿನ ನಡುವೆ ಮೂರು ಸಲ ಎದ್ದು ಬದುವಿನ ಕಡೆ ಹೋಗಿ ಬಂದರು. “ಏನ್ರೀ ಮುತ್ಯಾ, ಆರಾಮಿಲ್ಲೇನು?” ಎಂದೆ. “ವಯಸ್ಸಾತು ತಮ್ಮಾ, ಇದೆಲ್ಲಾ ಇರೋದೇ” ಎಂದು ನಕ್ಕರು. ನಾನೂ ಬಾಳೆಯ ಮಾತಿಗೆ ತಿರುಗಿದೆ. ಅದು ನನ್ನ ತಪ್ಪು.

ತಿಂಗಳೊಳಗೆ ಒಂದು ರಾತ್ರಿ ಅವರಿಗೆ ಮೂತ್ರ ಪೂರ್ತಿ ಕಟ್ಟಿತು. ಬೆಳಗಿನವರೆಗೆ ಕಿಬ್ಬೊಟ್ಟೆ ಹಿಡಿದುಕೊಂಡು ನರಳಿದರೂ ಮಗನನ್ನು ಎಬ್ಬಿಸಲು ನಾಚಿಕೆ. ಕಲಬುರಗಿಗೆ ಒಯ್ದಾಗ ವೈದ್ಯರು ನಳಿಕೆ ಹಾಕಿ ಒಂದು ಲೀಟರಿಗೂ ಹೆಚ್ಚು ಮೂತ್ರ ತೆಗೆದರು. ಮೂತ್ರಪಿಂಡಗಳಿಗೂ ಪೆಟ್ಟು ಬಿದ್ದಿತ್ತು. “ರಾತ್ರಿ ನಾಕು ಸಲ ಏಳ್ತಿದ್ರು, ನಾ ಎಣಿಸ್ತಿದ್ದೆ. ಕೇಳಿದ್ರ ಸಿಟ್ಟಿಗೇಳ್ತಿದ್ರು” ಎಂದು ಆಯಿ ಕಣ್ಣೀರು ಒರೆಸಿಕೊಂಡರು. ಮುತ್ಯಾ ಈಗ ಆರಾಮಾಗಿದ್ದಾರೆ. ಹೆಸರು ಹಾಕದೆ ಇದನ್ನು ಬರೆ ಎಂದು ಹೇಳಿದವರೂ ಅವರೇ.

ಆಗುವುದೇನು?

ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳೆಯಂತೆ ಸುತ್ತಿಕೊಂಡು, ಪ್ರಾಸ್ಟೇಟ್ ಎಂಬ ಗ್ರಂಥಿ ಇದೆ. ವೀರ್ಯದ ದ್ರವದ ಒಂದು ಭಾಗ ಅಲ್ಲಿ ತಯಾರಾಗುತ್ತದೆ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. 40 ದಾಟಿದ ಮೇಲೆ ಅದು ಮೆಲ್ಲಗೆ ದಪ್ಪವಾಗುತ್ತ ಹೋಗುತ್ತದೆ. 60ರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ, 80 ದಾಟಿದವರಲ್ಲಿ ಬಹುಪಾಲು ಎಲ್ಲರಲ್ಲಿ ಈ ಬೆಳವಣಿಗೆ ಇರುತ್ತದೆ. ಆದರೆ ಎಲ್ಲರಿಗೂ ತೊಂದರೆಯಾಗುವುದಿಲ್ಲ.

ನಿಮ್ಮ ತೋಟದ ಪೈಪಿನ ಮೇಲೆ ಕಲ್ಲು ಬಿದ್ದರೆ ಏನಾಗುತ್ತದೆ? ನೀರು ಸಣ್ಣಗಾಗುತ್ತದೆ, ಮೋಟಾರಿನ ಮೇಲೆ ಭಾರ ಬೀಳುತ್ತದೆ. ಇಲ್ಲಿಯೂ ಹಾಗೆಯೇ. ನಾಳ ಒತ್ತಿದಷ್ಟೂ ಮೂತ್ರಕೋಶ ತಿಣುಕಿ ದೂಡಬೇಕಾಗುತ್ತದೆ. ಕೊನೆಗೆ ಅದು ಸೋಲುತ್ತದೆ. ಒಳಗೆ ಉಳಿದ ಮೂತ್ರದಿಂದ ಸೋಂಕು, ಕಲ್ಲು, ಮೂತ್ರಪಿಂಡದ ಹಾನಿ ಉಂಟಾಗಬಹುದು.

ಗುರುತುಗಳು

1. ರಾತ್ರಿ ಮತ್ತೆ ಮತ್ತೆ ಒಂದಕ್ಕೆ ಏಳಬೇಕಾಗುವುದು.
2. ಹೋಗಿ ನಿಂತರೂ ಬೇಗ ಬಾರದಿರುವುದು. ಧಾರೆ ಸಣ್ಣಗಾಗಿ ನಡುನಡುವೆ ನಿಲ್ಲುವುದು.
3. ಮುಗಿದ ಮೇಲೂ ಹನಿ ಬೀಳುವುದು. ಇನ್ನೂ ಉಳಿದಿದೆ ಎನಿಸುವುದು.
4. ತಡೆದುಕೊಳ್ಳಲಾಗದ ಅವಸರ.

ಸಕ್ಕರೆ ರೋಗದಲ್ಲಿಯೂ ಪದೇ ಪದೇ ಮೂತ್ರವಾಗುತ್ತದೆ. ಆದುದರಿಂದ ಊಹೆಯಿಂದ ಔಷಧ ತೆಗೆದುಕೊಳ್ಳದೆ ಪರೀಕ್ಷೆ ಮಾಡಿಸಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರದೊಡನೆ ಉರಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿರಿ. ಮೂತ್ರ ಪೂರ್ತಿ ಕಟ್ಟಿದರೆ ಬೆಳಗಾಗಲೆಂದು ಕಾಯಬಾರದು. ಕೂಡಲೇ 108ಕ್ಕೆ ಕರೆ ಮಾಡಿರಿ.

ಕ್ಯಾನ್ಸರ್ ಎಂಬ ಹೆದರಿಕೆ

ಗ್ರಂಥಿ ದಪ್ಪವಾಗುವುದು ಕ್ಯಾನ್ಸರ್ ಅಲ್ಲ. ಅದು ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಆದರೆ ಅದೇ ಗ್ರಂಥಿಯಲ್ಲಿ ಕ್ಯಾನ್ಸರ್ ಬೇರೆಯಾಗಿ ಹುಟ್ಟಬಹುದು. ಮೊದಮೊದಲು ಅದು ಸಾಮಾನ್ಯವಾಗಿ ಯಾವ ಗುರುತನ್ನೂ ತೋರುವುದಿಲ್ಲ. ಹರಡಿದಾಗ ಬೆನ್ನು, ಸೊಂಟದ ಎಲುಬುಗಳಲ್ಲಿ ನೋವು ಬರಬಹುದು. 50 ದಾಟಿದವರು, ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ 45 ದಾಟಿದವರು, ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ಅದರ ಅಂಕಿ ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಸೋಂಕಿನಿಂದಲೂ ಗ್ರಂಥಿ ದಪ್ಪವಾಗುವುದರಿಂದಲೂ ಅದು ಏರುತ್ತದೆ.

ಈ ಗ್ರಂಥಿ ಬೆಳೆಯುವುದು ಗಂಡು ಹಾರ್ಮೋನಿನ ಬಲದಿಂದ. ಆ ಹಾರ್ಮೋನನ್ನು ತಗ್ಗಿಸಿದರೆ ಇದರ ಕ್ಯಾನ್ಸರ್ ಕುಗ್ಗುತ್ತದೆಂದು ಅಮೆರಿಕದ ವೈದ್ಯ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಹರಡಿದ ರೋಗಕ್ಕೂ ಇಂದು ಚಿಕಿತ್ಸೆ ಇದೆ ಎಂಬುದನ್ನು ಮರೆಯಬೇಡಿರಿ.

ಚಿಕಿತ್ಸೆ

ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿರಿ. ಅಲ್ಲಿಂದ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಕಳುಹಿಸಬಹುದು. ಕ್ಯಾನ್ಸರಿನ ಸಂಶಯವಿದ್ದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿಯೇ ಇದೆ. ಪಡಿತರ ಚೀಟಿ, ಆಧಾರ್, ಈಗ ನುಂಗುತ್ತಿರುವ ಗುಳಿಗೆಗಳು ಕೈಯಲ್ಲಿರಲಿ. ವೈದ್ಯರು ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿಯನ್ನು ಮುಟ್ಟಿ ನೋಡಬಹುದು. ಅದು ಒಂದು ನಿಮಿಷದ ಕೆಲಸ, ನಾಚಬೇಕಾಗಿಲ್ಲ.

ಅನೇಕರಿಗೆ ಗುಳಿಗೆಯೇ ಸಾಕಾಗುತ್ತದೆ. ನಾಳದ ಬಿಗಿ ಸಡಿಲಿಸುವ ಗುಳಿಗೆ ಕೆಲವೇ ದಿನಗಳಲ್ಲಿ ಗುಣ ತೋರಬಹುದು. ಅದನ್ನು ನುಂಗಿದವರು ತಟ್ಟನೆ ಎದ್ದರೆ ತಲೆ ತಿರುಗಬಹುದು, ನಿಧಾನವಾಗಿ ಏಳಬೇಕು. ಗ್ರಂಥಿಯನ್ನು ಕುಗ್ಗಿಸುವ ಗುಳಿಗೆಗೆ ಸುಮಾರು ಆರು ತಿಂಗಳು ಬೇಕು. ಗುಳಿಗೆಗೆ ಬಗ್ಗದಿದ್ದರೆ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಮಾಡುವ ಶಸ್ತ್ರಕ್ರಿಯೆ ಇದೆ. ಅದರಿಂದ ಗಂಡಸುತನ ಹೋಗುತ್ತದೆಂಬ ಹೆದರಿಕೆ ಬಹಳ ಜನರಿಗಿದೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ. ವೀರ್ಯ ಹೊರಗೆ ಬಾರದೆ ಮೂತ್ರಕೋಶಕ್ಕೆ ಹೋಗುವುದುಂಟು; ಅದರಿಂದ ಅಪಾಯವಿಲ್ಲ. ಗಂಡಹೆಂಡತಿ ಇಬ್ಬರೂ ಈ ಮಾತನ್ನು ವೈದ್ಯರ ಹತ್ತಿರ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ಮಾಡಬೇಕಾದುದು

ಮಲಗುವ ಎರಡು ಮೂರು ಗಂಟೆ ಮೊದಲು ಚಹಾ, ನೀರು ಕಡಿಮೆ ಮಾಡಿರಿ. ಆದರೆ ನಮ್ಮ ಬಿಸಿಲಿನಲ್ಲಿ ಹಗಲು ನೀರು ಕುಡಿಯುವುದನ್ನು ಬಿಡಬಾರದು. ಮಲಬದ್ಧತೆಯಾಗದಂತೆ ನೋಡಿಕೊಳ್ಳಿರಿ. ಕೆಲವು ನೆಗಡಿಯ ಗುಳಿಗೆಗಳು ಮೂತ್ರ ಕಟ್ಟಿಸುತ್ತವೆ. ಅಂಗಡಿಯಿಂದ ತಂದು ನುಂಗಬೇಡಿರಿ. ರಾತ್ರಿ ಹಾಸಿಗೆಯ ಹತ್ತಿರ ಬ್ಯಾಟರಿ ಇರಲಿ. ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವ ಭಯವಿದೆ.

ತಾಯಂದಿರೇ, ಅವರ ನಿದ್ದೆ ಕೆಟ್ಟಾಗ ನಿಮ್ಮದೂ ಕೆಡುತ್ತದೆ. ದಪ್ಪವಾದ ಗ್ರಂಥಿ ಅಂಟುರೋಗವಲ್ಲ, ಯಾರ ಕೆಟ್ಟ ನಡತೆಯ ಫಲವೂ ಅಲ್ಲ. ಮೂರು ದಿನ ಅವರು ಎಷ್ಟು ಸಲ ಎದ್ದರೆಂದು ಮೊಮ್ಮಕ್ಕಳ ಕೈಯಿಂದ ಬರೆಸಿ ವೈದ್ಯರಿಗೆ ತೋರಿಸಿರಿ. ಅವರು ಸಿಟ್ಟಾದರೂ ನೀವು ಜೊತೆಗೆ ಹೋಗಿರಿ.

ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ ಎಂದು ಹಿರಿಯರೇ ಹೇಳುತ್ತಾರೆ. ಬೆಳೆಗೆ ಹುಳು ಬಿದ್ದರೆ ಮರುದಿನವೇ ನನ್ನನ್ನು ಕರೆಯುವ ನೀವು, ನಿಮ್ಮ ದೇಹದ ತೊಂದರೆಯನ್ನೂ ಹಾಗೆಯೇ ಬೇಗ ತೋರಿಸಿಕೊಳ್ಳಿರಿ.

ನಿಮ್ಮ ಗ್ರಾಮಸೇವಕ