ಮಳೆಗಾಲದಲ್ಲಿ ಮರದ ಸಾಮಾನುಗಳಿಗೆ ಹಿಡಿಯುವ ಬೂಷ್ಟು ಮತ್ತು ಅದರ ನಿವಾರಣೋಪಾಯಗಳು

ಮಲೆನಾಡಿನ ಮನೆಗಳಲ್ಲಿ ಆಷಾಢ ಮಾಸವು ಕಳೆಯುವುದರೊಳಗಾಗಿ ಪೆಟ್ಟಿಗೆ, ಬೀರು, ಮೇಜು, ಮಂಚ, ಪಣತ ಮೊದಲಾದ ಮರದ ಸಾಮಾನುಗಳ ಮೇಲೆ ಬಿಳಿಯ ಅಥವಾ ಹಸುರು ಬೆರೆತ ಬೂದುಬಣ್ಣದ ಬೂಷ್ಟು ಕಾಣಿಸಿಕೊಳ್ಳುವುದು ಸರ್ವರಿಗೂ ತಿಳಿದ ವಿಷಯವಾಗಿದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವ ಆಗುಂಬೆಯಂತಹ ಸ್ಥಳಗಳಲ್ಲಿ ಇದನ್ನು ಮಳೆಗಾಲದ ಸಹಜಧರ್ಮವೆಂದು ಭಾವಿಸಿ, ಬಟ್ಟೆಯಿಂದ ಒರಸಿ ಸುಮ್ಮನಾಗುವುದುಂಟು. ಹಾಗೆ ಒರಸಿದ ಬೂಷ್ಟು ಕೆಲವು ದಿನಗಳಲ್ಲಿಯೇ ಪುನಃ ಹುಟ್ಟುವುದು. ಇದರಿಂದ ಹಿರಿಯರ ಕಾಲದ ಬೀಟೆ, ತೇಗ, ಹಲಸಿನ ಸಾಮಾನುಗಳ ಅಂದವು ಕೆಡುವುದಲ್ಲದೆ, ಅವುಗಳೊಳಗಿಟ್ಟ ಜಮೀನಿನ ಪತ್ರಗಳೂ ಬಿತ್ತನೆಯ ಧಾನ್ಯವೂ ಹಾಳಾಗುವುವು. ಆದುದರಿಂದ ಈ ವಿಷಯವನ್ನು ಅಲಕ್ಷ್ಯಮಾಡತಕ್ಕದ್ದಲ್ಲ.

ಬೂಷ್ಟಿನ ಸ್ವರೂಪ

ಬೂಷ್ಟೆಂಬುದು ಅಣಬೆಯ ವರ್ಗಕ್ಕೆ ಸೇರಿದ ಸೂಕ್ಷ್ಮಜೀವಿ. ಇದರ ಬೀಜಾಣುಗಳು ಗಾಳಿಯಲ್ಲಿ ಸರ್ವಕಾಲದಲ್ಲಿಯೂ ಇರುವುವು. ಅವುಗಳನ್ನು ಮನೆಯಿಂದ ಪೂರ್ಣವಾಗಿ ಹೊರಗಿಡುವುದು ಸಾಧ್ಯವಲ್ಲ. ಗಾಳಿಯ ತೇವಾಂಶವು ನೂರಕ್ಕೆ 80ಕ್ಕಿಂತ ಹೆಚ್ಚಾಗಿ ಹಲವು ದಿನಗಳವರೆಗೆ ನಿಂತರೆ ಅವು ಮೊಳೆಯುವುವು. ಮರದ ಮೇಲಿನ ಧೂಳು, ಕೈಜಿಡ್ಡು, ಅಂಟು, ಎಣ್ಣೆಗಳೇ ಬೂಷ್ಟಿನ ಆಹಾರ. ಅದು ಸಾಮಾನ್ಯವಾಗಿ ಮರದ ಬಲವನ್ನು ಕುಂದಿಸಲಾರದು. ಆದರೆ ಬೂಷ್ಟು ಕಂಡಲ್ಲಿ ತೇವವಿದೆಯೆಂಬುದು ನಿಶ್ಚಯ. ಮರದೊಳಗಿನ ತೇವವು ನೂರಕ್ಕೆ 20ನ್ನು ಮೀರಿ ಏರುತ್ತ ಹೋದರೆ ಮರವನ್ನೇ ತಿನ್ನುವ ಬೇರೆ ಜಾತಿಯ ಅಣಬೆಗಳು ಸೇರಿಕೊಳ್ಳುವುವು. ಚಾಕುವಿನ ತುದಿಯನ್ನು ಒತ್ತಿದಾಗ ಅದು ಮೆತ್ತಗೆ ಇಳಿದರೆ ಮರವು ಕುಂಬಾಗಿದೆಯೆಂದು ತಿಳಿದು, ಆ ಭಾಗವನ್ನು ಬಡಗಿಯಿಂದ ತೆಗೆಸತಕ್ಕದ್ದು.

ತೆಗೆಯುವ ಕ್ರಮ

ಮಳೆ ಬಿಡುವು ಕೊಟ್ಟ ದಿವಸ ಸಾಮಾನನ್ನು ಜಗಲಿಗಾಗಲಿ ಅಂಗಳಕ್ಕಾಗಲಿ ತರಬೇಕು. ಬೂಷ್ಟಿನ ಧೂಳು ಉಬ್ಬಸವುಳ್ಳವರಿಗೆ ಕೆಡುಕಾದುದರಿಂದ ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಕುಂಚದಿಂದ ಮರದ ಎಳೆಯ ಉದ್ದಕ್ಕೂ ಉಜ್ಜತಕ್ಕದ್ದು. ತರುವಾಯ ಸಾಬೂನಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರಸಿ, ಒಡನೆಯೇ ಒಣಬಟ್ಟೆಯಿಂದ ಒರಸಬೇಕು. ಮೆರುಗಿಲ್ಲದ ಒರಟು ಮರಕ್ಕೆ ಒಂದು ಲೀಟರು ಬಿಸಿನೀರಿನಲ್ಲಿ 50 ಗ್ರಾಂ ಬಿಳಿಗಾರವನ್ನು ಕರಗಿಸಿ ಸವರಬಹುದು. ಇದನ್ನು ಮಕ್ಕಳಿಗೂ ದನಕರುಗಳಿಗೂ ಸಿಕ್ಕದಂತೆ ಇಡಬೇಕು. ಅನಂತರ ಗಾಳಿಯಾಡುವ ನೆರಳಿನಲ್ಲಿ ಪೂರ್ಣವಾಗಿ ಒಣಗಿಸಬೇಕು. ಒಮ್ಮೆಲೇ ಕಡುಬಿಸಿಲಿಗಿಟ್ಟರೆ ಹಲಗೆಗಳು ಸೀಳುವುವು. ಬ್ಲೀಚಿಂಗ್ ಪುಡಿಯ ನೀರು ಮರದ ಬಣ್ಣವನ್ನು ಕೆಡಿಸುವುದಲ್ಲದೆ ಒಳಕ್ಕೆ ಇಳಿಯಲಾರದು. ಅದನ್ನು ಹುಳಿಪದಾರ್ಥದೊಡನೆ ಬೆರಸಿದರೆ ವಿಷಾನಿಲವು ಹೊರಡುವುದರಿಂದ ಎಂದಿಗೂ ಬೆರಸಕೂಡದು.

ಮುಂಜಾಗ್ರತೆ

ಮಳೆಗಾಲಕ್ಕೆ ಮೊದಲು ಮರಕ್ಕೆ ಕೊಬ್ಬರಿ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಬಳಿಯುವುದು ಸದುದ್ದೇಶದಿಂದ ಮಾಡುವ ತಪ್ಪು. ಈ ಎಣ್ಣೆಗಳು ಒಣಗುವುದಿಲ್ಲ. ಧೂಳನ್ನು ಹಿಡಿದಿಟ್ಟು ಬೂಷ್ಟಿಗೆ ಉಣಿಸಾಗುವುವು. ಇದಕ್ಕೆ ಬದಲಾಗಿ ಬೇಸಗೆಯಲ್ಲಿ, ಮರವು ಚೆನ್ನಾಗಿ ಒಣಗಿರುವಾಗ, ಅರಗಿನ ಮೆರುಗನ್ನಾಗಲಿ ವಾರ್ನಿಷನ್ನಾಗಲಿ ಕೊಡಿಸುವುದು ಲೇಸು. ಸಾಮಾನಿನ ಹಿಂಬದಿ, ತಳ ಮತ್ತು ಕಾಲುಗಳ ತುದಿಗಳನ್ನೂ ಬಿಡಕೂಡದು. ತೇವವು ಕಾಲುಗಳ ತುದಿಯಿಂದಲೇ ಬೇಗ ಏರುವುದು. ಕಾಲುಗಳ ಕೆಳಗೆ ಕಲ್ಲನ್ನಿಟ್ಟು, ಗೋಡೆಗೂ ಸಾಮಾನಿಗೂ ನಡುವೆ ನಾಲ್ಕು ಬೆರಳಿನಷ್ಟು ಅಂತರವನ್ನು ಬಿಡಬೇಕು. ಒದ್ದೆ ಬಟ್ಟೆಗಳನ್ನು ಅದೇ ಕೋಣೆಯಲ್ಲಿ ಹರವಬಾರದು. ಹೊಳವಾದ ದಿನ ಬೀರುಗಳ ಬಾಗಿಲುಗಳನ್ನು ತೆರೆದಿಟ್ಟು ಗಾಳಿಯಾಡಿಸಬೇಕು. ಸೋರುವ ಹೆಂಚನ್ನು ಸರಿಪಡಿಸದೆ ಮಾಡುವ ಉಪಚಾರವೆಲ್ಲವೂ ವ್ಯರ್ಥ.

ಧಾನ್ಯದ ಪಣತಗಳು

ಧಾನ್ಯವನ್ನು ತುಂಬುವ ಪಣತದ ಒಳಗಡೆಗೆ ಬಿಳಿಗಾರವನ್ನಾಗಲಿ ಬೇರೆ ಔಷಧವನ್ನಾಗಲಿ ಬಳಿಯಲೇಕೂಡದು. ಅದನ್ನು ಬರಿದುಮಾಡಿ, ಉಜ್ಜಿ, ಒಣಗಿಸುವುದೇ ಸರಿಯಾದ ಮಾರ್ಗ. ಬಿತ್ತನೆಯ ಬತ್ತದ ತೇವವು ನೂರಕ್ಕೆ 13ನ್ನು ಮೀರಿರಬಾರದು. ಬೂಷ್ಟು ಹಿಡಿದ ಧಾನ್ಯವನ್ನು ದನಗಳಿಗೆ ಹಾಕಿ ಮುಗಿಸುವುದು ಮಿತವ್ಯಯವಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟಿನ ವಿಷ ಸೇರಿದ ಕಡಲೇಕಾಯಿ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಅಫ್ಲಾಟಾಕ್ಸಿನ್ ಎಂಬ ಆ ವಿಷವು ಹಸುವಿನ ಮೇವಿನಲ್ಲಿದ್ದರೆ ಹಾಲಿಗೂ ಇಳಿಯುವುದೆಂದು ತರುವಾಯದ ಪರಿಶೋಧನೆಗಳಿಂದ ಸಿದ್ಧವಾಗಿದೆ. ಅಂತಹ ಹಾಲನ್ನು ಕುಡಿಯುವವರು ಮನೆಯ ಮಕ್ಕಳೇ ಆಗಿರುವರು.

ಮೇಲ್ಕಂಡ ಕ್ರಮಗಳಿಗೆ ಹೆಚ್ಚಿನ ಹಣವು ಬೇಕಿಲ್ಲ. ಕಾಲಕ್ಕೆ ಸರಿಯಾದ ಗಮನವು ಬೇಕು. ಗ್ರಾಮದ ಮುಖಂಡರೂ ಜಮೀನುದಾರರೂ ಮುಂಗಾರು ಇಳಿಯುವುದಕ್ಕೆ ಮೊದಲೇ ತಮ್ಮ ಮನೆಗಳಲ್ಲಿ ಇವನ್ನು ಆಚರಿಸಿ ತೋರಿಸಿದಲ್ಲಿ, ನೆರೆಹೊರೆಯ ರೈತರು ಕೇಳದೆಯೇ ಅನುಸರಿಸುವರು.